ಬೋಡಿಯ ಪಾಳು ಗಣಿಪಟ್ಟಣಕ್ಕೆ ವಯಸ್ಸಾದ ತಂದೆ–ತಾಯಿಯನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಸ್ಯಾನ್ ಹೋಸೆಯಿಂದ)

ಎಲ್ಲರಿಗೂ ನಮಸ್ಕಾರ. ಊರಿನಿಂದ ಬಂದಿರುವ ನನ್ನ ತಂದೆ–ತಾಯಿ ಸೆಪ್ಟೆಂಬರ್ ಕೊನೆಯವರೆಗೆ ನಮ್ಮೊಂದಿಗಿರುತ್ತಾರೆ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚುವವರೆಗೂ ತಂದೆಯವರು ಅಲ್ಲಿನ ಅದಿರು ಸಂಸ್ಕರಿಸುವ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಆದ್ದರಿಂದ ಕ್ಯಾಲಿಫೋರ್ನಿಯಾದ ಬೋಡಿಯನ್ನು ಅವರಿಗೆ ತೋರಿಸಬೇಕೆಂಬ ಆಸೆ ನನ್ನದು. ಆದರೆ ಅಮ್ಮನಿಗೆ ರಕ್ತದೊತ್ತಡವೂ ಮಂಡಿನೋವೂ ಇವೆ. ಅಷ್ಟು ಎತ್ತರದ ಜಾಗ ಅವರಿಗೆ ಕಷ್ಟವಾದೀತೇ, ಯಾವ ದಾರಿಯಲ್ಲಿ ಹೋಗುವುದು ಒಳ್ಳೆಯದು, ಹಾಗೂ ಹಾಳುಬಿದ್ದ ಮನೆಗಳ ಹೊರತಾಗಿ ಗಣಿಯ ಕೆಲಸ ತಿಳಿದವರು ನೋಡುವಂಥದ್ದು ಅಲ್ಲಿ ಏನಾದರೂ ಇದೆಯೇ, ತಿಳಿಸುವಿರಾ?

ಉತ್ತರ 1 (ಸ್ಯಾಕ್ರಮೆಂಟೊದಿಂದ)

ಬೋಡಿ ಸಮುದ್ರಮಟ್ಟದಿಂದ ಸುಮಾರು 2,550 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಆರುನೂರು ಮೀಟರಿನಷ್ಟು ಮೇಲೆ. ಯೊಸೆಮಿಟಿಯ ಮೂಲಕ ಹೋದರೆ ದಾರಿಯಲ್ಲಿ ಸಿಗುವ ಟಯೋಗಾ ಕಣಿವೆಮಾರ್ಗವು ಮೂರು ಸಾವಿರ ಮೀಟರ್ ದಾಟುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆಯನ್ನು ಬಿಟ್ಟು, ಹಿಂದಿನ ರಾತ್ರಿ ಲೀ ವೈನಿಂಗ್‌ನಲ್ಲೋ ಬ್ರಿಜ್‌ಪೋರ್ಟ್‌ನಲ್ಲೋ ತಂಗಿ, ದೇಹ ಆ ಎತ್ತರಕ್ಕೆ ಸ್ವಲ್ಪ ಹೊಂದಿಕೊಂಡ ಮೇಲೆ ಬೆಳಿಗ್ಗೆ ಹೊರಡುವುದು ಸೂಕ್ತ. ಅದಕ್ಕೂ ಮೊದಲು ಅಮ್ಮನವರ ವೈದ್ಯರನ್ನು ಒಮ್ಮೆ ಕೇಳಿಬಿಡಿ.

ಬ್ರಿಜ್‌ಪೋರ್ಟ್‌ನಿಂದ ದಕ್ಷಿಣಕ್ಕೆ ಏಳು ಮೈಲಿ ಬಂದು 395ನೇ ಹೆದ್ದಾರಿಯನ್ನು ಬಿಟ್ಟರೆ ಅಲ್ಲಿಂದ ಬೋಡಿಗೆ ಹದಿಮೂರು ಮೈಲಿ. ಕೊನೆಯ ಮೂರು ಮೈಲಿಗೆ ಡಾಂಬರಿಲ್ಲ, ಗಾಡಿ ಬೆನ್ನುಮೂಳೆ ಅಲುಗುವಂತೆ ಕುಲುಕುತ್ತದೆ. ಸಾಧಾರಣ ಕಾರು ಹೋಗುತ್ತದೆ, ಆದರೆ ನಿಧಾನವಾಗಿ ಓಡಿಸಬೇಕು. ಊರಿನಲ್ಲಿ ಪೆಟ್ರೋಲಾಗಲಿ ಊಟವಾಗಲಿ ಸಿಗುವುದಿಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಿ. ನೆರಳೆಂಬುದು ಇಲ್ಲವೇ ಇಲ್ಲ, ಹಗಲಿನ ಬಿಸಿಲು ಚುರುಕು, ಆದರೂ ಸೆಪ್ಟೆಂಬರ್‌ನಲ್ಲಿ ಸಂಜೆಯಾಗುತ್ತಲೇ ಸ್ವೆಟರ್ ಬೇಕಾಗುತ್ತದೆ. ಚಳಿಗಾಲದಲ್ಲಂತೂ ಹಿಮದಿಂದಾಗಿ ಸಾಮಾನ್ಯ ಕಾರುಗಳು ಅಲ್ಲಿಗೆ ತಲುಪುವುದೇ ಇಲ್ಲ.

ಮಂಡಿನೋವಿನವರು ಊರೆಲ್ಲ ಸುತ್ತಬೇಕಾಗಿಲ್ಲ. ಮುಖ್ಯ ಬೀದಿಯ ಇಕ್ಕೆಲದಲ್ಲೇ ಬೇಕಾದಷ್ಟಿದೆ.

ಉತ್ತರ 2 (ರೀನೊದಿಂದ)

ನಿಮ್ಮ ತಂದೆಯವರಿಗೆ ತೋರಿಸಲೇಬೇಕಾದದ್ದು ಸ್ಟ್ಯಾಂಡರ್ಡ್ ಮಿಲ್. ಬೆಟ್ಟದ ಇಳಿಜಾರಿಗೆ ಒರಗಿರುವ ಈ ದೊಡ್ಡ ತಗಡಿನ ಕಟ್ಟಡ 1898ರಲ್ಲಿ ಸುಟ್ಟುಹೋಗಿ ಮರುವರ್ಷ ಮತ್ತೆ ಎದ್ದುನಿಂತದ್ದು. ಬೋಡಿ ಈಗ ರಾಜ್ಯ ಉದ್ಯಾನವಾಗಿದ್ದು, ಬೇಸಿಗೆಯಲ್ಲಿ ಅದರ ಸಿಬ್ಬಂದಿಯೇ ಒಳಗೆ ಕರೆದೊಯ್ದು ತೋರಿಸುತ್ತಾರೆ, ಅವರ ಜೊತೆಯಲ್ಲದೆ ಒಳಕ್ಕೆ ಬಿಡುವುದಿಲ್ಲ. ಅದಿರನ್ನು ಪುಡಿಮಾಡುತ್ತಿದ್ದ ಇಪ್ಪತ್ತು ಕಬ್ಬಿಣದ ಒನಕೆಗಳ ಸಾಲನ್ನೂ, ಆ ಪುಡಿ ನೀರಿನೊಂದಿಗೆ ಹರಿದುಬರುವಾಗ ಪಾದರಸ ಸವರಿದ ತಾಮ್ರದ ತಗಡುಗಳು ಚಿನ್ನವನ್ನು ಹಿಡಿದಿಡುತ್ತಿದ್ದ ಬಗೆಯನ್ನೂ ನೋಡಿದರೆ, ಮಿಲ್ಲಿನಲ್ಲಿ ದುಡಿದ ನಿಮ್ಮ ತಂದೆಯವರಿಗೆ ಮಾರ್ಗದರ್ಶಿಯ ವಿವರಣೆ ಹೆಚ್ಚೇನೂ ಬೇಕಾಗದು. ಹೀಗೆ ಹಿಡಿದ ಮೇಲೂ ಉಳಿದ ಪುಡಿಯಿಂದ ಚಿನ್ನ ತೆಗೆಯಲು 1890ರ ದಶಕದಲ್ಲಿ ಸೈನೈಡ್ ಬಳಕೆ ಆರಂಭವಾಯಿತು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ನಡುವೆ ಓಡಾಡಿದವರಿಗೆ ಈ ಕಥೆಯ ಮುಂದಿನ ಭಾಗ ಗೊತ್ತೇ ಇದೆ.

ಇನ್ನೊಂದು ನಂಟು ನನಗೆ ಬಹಳ ಕುತೂಹಲದ್ದಾಗಿ ಕಾಣುತ್ತದೆ. ಈ ಬೋಳು ಬೆಟ್ಟಗಳಲ್ಲಿ ಸೌದೆ ತೀರ ದುಬಾರಿಯಾಗಿದ್ದರಿಂದ, 1892ರ ಹೊತ್ತಿಗೆ ಹದಿಮೂರು ಮೈಲಿ ದೂರದ ಗ್ರೀನ್ ಕ್ರೀಕ್‌ನಲ್ಲಿ ಜಲವಿದ್ಯುತ್ ಉತ್ಪಾದಿಸಿ, ತಂತಿಯ ಮೂಲಕ ತಂದು ಈ ಮಿಲ್ಲನ್ನು ನಡೆಸಿದರು. ವಿದ್ಯುತ್ತು ತಿರುವಿನಲ್ಲಿ ಹೊರಗೆ ಹಾರಿಬಿಡುತ್ತದೆಂಬ ಭಯದಿಂದ ಕಂಬಗಳನ್ನು ನೇರ ಸಾಲಿನಲ್ಲೇ ನೆಟ್ಟರೆಂಬ ಕಥೆಯನ್ನೂ ಹೇಳುತ್ತಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹತ್ತೇ ವರ್ಷಗಳ ನಂತರ, 1902ರಲ್ಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಎರಡೂ ಕಡೆ ವಿದ್ಯುತ್ತನ್ನು ಬೆಟ್ಟಗಾಡಿನ ಆಚೆಯಿಂದ ಎಳೆತರುವಂತೆ ಮಾಡಿದ್ದು ಚಿನ್ನವೇ.

ಉತ್ತರ 3 (ಫ್ರೀಮಾಂಟ್‌ನಿಂದ)

ಹಾಳುಬಿದ್ದ ಮನೆಗಳೆಂದು ನೀವು ಬರೆದಿದ್ದೀರಿ, ಆದರೆ ನೋಡಲು ಅವೂ ಸಾಮಾನ್ಯವಾದವಲ್ಲ. 1880ರ ಸುಮಾರಿಗೆ ಏಳೆಂಟು ಸಾವಿರ ಜನರಿದ್ದ ಪಟ್ಟಣವಿದು. ಅದಿರು ತೆಳುವಾದಂತೆ ಜನ ಗುಳೆ ಹೊರಟರು, 1892 ಮತ್ತು 1932ರ ಬೆಂಕಿಗಳು ಬಹುಭಾಗವನ್ನು ನುಂಗಿದವು. ಈಗ ಉಳಿದಿರುವುದು ಮೂಲ ಊರಿನ ಒಂದು ಚಿಕ್ಕ ಅಂಶ ಮಾತ್ರ. 1962ರಲ್ಲಿ ಇದನ್ನು ವಹಿಸಿಕೊಂಡ ರಾಜ್ಯ ಉದ್ಯಾನ ಇಲಾಖೆಯು ಕಟ್ಟಡಗಳನ್ನು ಹೊಸದಾಗಿಸುವುದಿಲ್ಲ, ಬೀಳಲೂ ಬಿಡುವುದಿಲ್ಲ. ಮಾಡು ಸೋರದಂತೆ ನೋಡಿಕೊಳ್ಳುತ್ತಾರೆ, ವಾಲಿದ ಗೋಡೆಗೆ ಊರೆ ಕೊಡುತ್ತಾರೆ, ಅಷ್ಟೇ. ಕಿಟಕಿಯ ಗಾಜಿಗೆ ಮುಖವಿಟ್ಟು ನೋಡಿದರೆ ಶಾಲೆಯಲ್ಲಿ ಮೇಜುಗಳೂ ಪುಸ್ತಕಗಳೂ, ಅಂಗಡಿಯಲ್ಲಿ ಅಟ್ಟಣಿಗೆಯ ಮೇಲಿನ ಡಬ್ಬಗಳೂ ಧೂಳು ಹೊದ್ದು ಕೂತಿರುವುದು ಕಾಣುತ್ತದೆ. ಬಣ್ಣ ಬಳಿದು ಹೊಳೆಯಿಸುವ ಪದ್ಧತಿಗಿಂತ ಇದೇ ಪ್ರಾಮಾಣಿಕವೆಂದು ನನ್ನ ಅನಿಸಿಕೆ.

ಮಕ್ಕಳೂ ಜೊತೆಗಿದ್ದರೆ ಒಂದು ಎಚ್ಚರಿಕೆ: ತುಕ್ಕುಹಿಡಿದ ಮೊಳೆಯಾಗಲಿ ಗಾಜಿನ ಚೂರಾಗಲಿ ಎತ್ತಿಕೊಳ್ಳುವಂತಿಲ್ಲ. ಹಾಗೆ ಒಯ್ದವರಿಗೆ ಶಾಪ ತಟ್ಟುತ್ತದೆಂಬ ಪ್ರತೀತಿಯಿದ್ದು, ಅದಕ್ಕೆ ಹೆದರಿ ಜನ ಕ್ಷಮಾಪಣೆಯ ಪತ್ರದೊಂದಿಗೆ ಅಂಚೆಯಲ್ಲಿ ವಾಪಸು ಕಳಿಸುವುದೂ ಉಂಟು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಿಲ್ಲಿನ ವಿಷಯ ಹೇಳಿದೊಡನೆ ತಂದೆಯವರು, ಒನಕೆಯೊಂದರ ತೂಕವೆಷ್ಟೆಂದು ಕೇಳಿದರು. ಮಿಲ್ ನೋಡಲು ಮೊದಲೇ ಹೆಸರು ಬರೆಸಬೇಕೇ?

ಉತ್ತರ 2 (ರೀನೊದಿಂದ)

ವೇಳೆ ಆಯಾ ದಿನಕ್ಕೆ ಬದಲಾಗುವುದರಿಂದ ಹಿಂದಿನ ದಿನವೇ ಉದ್ಯಾನಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ, ಬೆಳಿಗ್ಗೆ ತಲುಪಿದ ಕೂಡಲೇ ವಸ್ತುಸಂಗ್ರಹಾಲಯದಲ್ಲಿಯೂ ವಿಚಾರಿಸಿ. ತೂಕದ ಪ್ರಶ್ನೆಯನ್ನು ತಂದೆಯವರೇ ಮಾರ್ಗದರ್ಶಿಗೆ ಹಾಕಲಿ.