ಮಾರಿದರೂ ‘ನೆರವು’, ಕೊಟ್ಟರೂ ‘ನೆರವು’?

ಗೆಳೆಯರೇ,

ತೈವಾನ್ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ ಒಂದು ಪದದ ಹತ್ತಿರ ಪ್ರತಿಸಲ ನಿಂತುಬಿಡುತ್ತೇನೆ: ‘ಸೇನಾ ನೆರವು’. ಚೀನಾ ತನ್ನದೆಂದು ಹೇಳುವ ಆ ದ್ವೀಪಕ್ಕೆ ಅಮೆರಿಕದಿಂದ ಆಯುಧ ಹೋದಾಗಲೆಲ್ಲ ನಾವು ಇದನ್ನೇ ಬರೆಯುತ್ತೇವೆ. ಆದರೆ ಅದರಲ್ಲಿ ಜಾಸ್ತಿ ಪಾಲು ಮಾರಾಟ. 2019ರಲ್ಲಿ ಒಪ್ಪಿಗೆಯಾದ 66 ಎಫ್-16 ಯುದ್ಧವಿಮಾನಗಳನ್ನೇ ನೋಡಿ. ಸುಮಾರು 800 ಕೋಟಿ ಡಾಲರ್ ವ್ಯವಹಾರ. ದುಡ್ಡು ಕೊಡುವುದು ತೈವಾನ್. ಅಂಗಡಿಯವರು ದುಡ್ಡು ತಗೊಂಡು ಅಕ್ಕಿ ಅಳೆದು ಕೊಟ್ಟರೆ ಅದನ್ನು ನೆರವು ಅನ್ನುವುದಿಲ್ಲ, ಅಲ್ವಾ?

2023ರ ಜುಲೈನಲ್ಲಿ ನಡೆದದ್ದು ಬೇರೆ. ಅಮೆರಿಕ ತನ್ನ ಸೇನೆಯ ದಾಸ್ತಾನಿನಿಂದಲೇ 34.5 ಕೋಟಿ ಡಾಲರ್‌ವರೆಗಿನ ಸಾಮಗ್ರಿ ಕೊಡುವುದಾಗಿ ಹೇಳಿತು. ಬೆಲೆ ಕೇಳಲಿಲ್ಲ. ಇದು ನಿಜಕ್ಕೂ ನೆರವು. ಎರಡಕ್ಕೂ ಒಂದೇ ಪದ ಹಾಕಿದರೆ ಆ ವರ್ಷ ಏನು ಬದಲಾಯಿತು ಅನ್ನುವುದೇ ಓದುಗರಿಗೆ ಗೊತ್ತಾಗುವುದಿಲ್ಲ.

ಕಾನೂನು ಬರೆದವರೂ ರಾಜತಾಂತ್ರಿಕರೂ ಇಲ್ಲಿ ಒಂದೊಂದು ಪದವನ್ನೂ ಅಳೆದು ತೂಗಿ ಇಟ್ಟಿದ್ದಾರೆ. ಅಮೆರಿಕದ 1979ರ ತೈವಾನ್ ಸಂಬಂಧಗಳ ಕಾಯ್ದೆಯಲ್ಲಿ, ತೈವಾನ್ ತನ್ನನ್ನು ಕಾಪಾಡಿಕೊಳ್ಳಲು ಬೇಕಾದಷ್ಟು ರಕ್ಷಣಾ ಸಾಮಗ್ರಿ ಮತ್ತು ಸೇವೆ ಸಿಗುವಂತೆ ಮಾಡುವುದು ಅನ್ನುವ ಅರ್ಥದ ಮಾತಿದೆ. ಮಾರುವುದೋ, ಸುಮ್ನೆ ಕೊಡುವುದೋ ಎಂದು ಆ ಮಾತು ಕಟ್ಟಿಹಾಕುವುದಿಲ್ಲ. ನಮ್ಮ ‘ಒದಗಿಸು’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ 1982ರ ಆಗಸ್ಟ್ 17ರಂದು ಚೀನಾ ಜೊತೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ನೇರವಾಗಿ ‘ಆಯುಧ ಮಾರಾಟ’ ಎಂದೇ ಇದೆ. ಅದನ್ನು ಬರುಬರುತ್ತಾ ಕಡಿಮೆ ಮಾಡುವ ಇರಾದೆಯನ್ನು ಅಮೆರಿಕ ಹೇಳಿದ್ದು ಅಲ್ಲೇ. ಆ ಸಾಲಿನಲ್ಲಿ ‘ನೆರವು’ ಎಂದು ಬರೆದರೆ ಖಂಡಿತ ತಪ್ಪು.

‘ಬೆಂಬಲ’ ಕೂಡ ಯೋಚಿಸಿದೆ. ಬೆನ್ನಿಗೆ ನಿಂತ ಬಲ. ಬಲ ಅಂದರೆ ಸೇನೆಯೂ ಹೌದು. ನನಗೆ ತುಂಬ ಇಷ್ಟದ ಪದ. ಆದರೆ ಈಗ ಸಭೆಯಲ್ಲಿ ಕೈ ಎತ್ತಿದರೂ ಅದು ಬೆಂಬಲವೇ. ‘ಸರಬರಾಜು’ ಅಂದರೆ ಲಾರಿ, ಗೋದಾಮು ಕಣ್ಣ ಮುಂದೆ ಬರುತ್ತವೆ.

ಹಾಗಾಗಿ ದುಡ್ಡಿಗೆ ಕೊಟ್ಟರೆ ‘ಆಯುಧ ಮಾರಾಟ’, ಸುಮ್ನೆ ಕೊಟ್ಟರೆ ‘ಸೇನಾ ನೆರವು’ ಎಂದು ಬರೆಯತೊಡಗಿದ್ದೇನೆ. ಎರಡೂ ಸೇರಿದ ಕಡೆ ‘ಒದಗಿಸು’ ಸಾಕು. ಆದರೆ ತಲೆಬರಹಕ್ಕೆ ನಾಮಪದ ಬೇಕಲ್ಲ. ‘ಒದಗಣೆ’ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದಾ? ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದೆಯಾ?