ವಕೀಲರು ಕಡತ ಬಿಟ್ಟುಕೊಡುತ್ತಿಲ್ಲ, ತಿಳಿದವರು ದಾರಿ ಹೇಳಿ

ಗುಂಪಿನಲ್ಲಿ ವಕೀಲರಿದ್ದರೆ ದಯವಿಟ್ಟು ಗಮನಿಸಿ. ನಮ್ಮ ಆಸ್ತಿ ಪಾಲಿನ ದಾವೆ ಸಿವಿಲ್ ಕೋರ್ಟಿನಲ್ಲಿದೆ. ವಕೀಲರನ್ನು ಬದಲಿಸೋಣವೆಂದರೆ ಹಳಬರು ಎನ್‌ಒಸಿಯನ್ನೂ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಡುತ್ತಿಲ್ಲ, ಕಡತವನ್ನೂ ಬಿಡುತ್ತಿಲ್ಲ. 'ಬಾಕಿ ಫೀಸು ಚುಕ್ತಾ ಮಾಡಿ, ಆಮೇಲೆ ಮಾತು' ಅನ್ನುತ್ತಾರೆ. ಮೂಲ ಕ್ರಯಪತ್ರ, ಅಜ್ಜನ ಕಾಲದ ಪಾಲುಪಟ್ಟಿ ಎರಡೂ ಅವರ ಬೀರುವಿನಲ್ಲೇ ಇವೆ. ಇದುವರೆಗೆ ಕೊಟ್ಟ ದುಡ್ಡಿಗೆ ರಸೀದಿ ಕೇಳಿದರೆ 'ನಂಬಿಕೆ ಇಲ್ಲವೇ?' ಎಂದು ನಮ್ಮನ್ನೇ ಕೇಳುತ್ತಾರೆ!

ಫೀಸು ಬಾಕಿಯಿದೆ ಎಂದು ಕಕ್ಷಿದಾರರ ಕಡತವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ಕಾನೂನು ದಾರಿ ಇದ್ದೇ ಇದೆ. ವಕೀಲರ ಕಾಯ್ದೆ 1961ರ 35ನೇ ಸೆಕ್ಷನ್ ಅಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು ಎಂಬುದೂ ಗೊತ್ತು.

ನನ್ನ ಪ್ರಶ್ನೆ ಇಷ್ಟೇ. ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಬೇಕೇ, ನೇರ ದೂರು ಕೊಡಬಹುದೇ? ಎನ್‌ಒಸಿ ಇಲ್ಲದೆ ಕೋರ್ಟಿನ ಅನುಮತಿ ಪಡೆದು ಹೊಸ ವಕಾಲತ್ತು (ವಕೀಲರಿಗೆ ಅಧಿಕಾರ ಕೊಡುವ ಪತ್ರ) ಹಾಕಿದ ಅನುಭವ ಯಾರಿಗಾದರೂ ಇದೆಯೇ? ರಾಜಿಗೆ ನಾವು ಎಷ್ಟರವರೆಗೆ ಇಳಿಯುತ್ತೇವೆ ಎಂಬುದೂ ಹಳೆಯ ವಕೀಲರಿಗೆ ಗೊತ್ತು. ವಕಾಲತ್ತು ಮುಗಿದ ಮೇಲೂ ಗುಟ್ಟು ಕಾಯುವುದು ಅವರ ಕರ್ತವ್ಯವೇ, ಆದರೂ ಅಮ್ಮನಿಗೆ ಅದೇ ಭಯ. ಮುಂದಿನ ವಾಯಿದೆಗೆ ಪಾಟೀಸವಾಲು ಇದೆ, ಬೇಗ ತಿಳಿಸಿದರೆ ಉಪಕಾರ.