ಮಗಳಿಗೆ ಒಂದು ವರ್ಷ: ನಮ್ಮ ಮನೆ ಗುಂಪಿನಲ್ಲಿ ಆದ ಮಾತು

ನಿನ್ನೆ ಮಗಳ ಮೊದಲ ಹುಟ್ಟುಹಬ್ಬ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆದು ಹಾಕಿದ್ದೆ. ಆಮೇಲೆ ನಡೆದದ್ದನ್ನು ಹಾಗೇ ಇಲ್ಲಿ ಇಡುತ್ತಿದ್ದೇನೆ. ಹೆಸರು ಬಿಟ್ಟು ಸಂಬಂಧ ಮಾತ್ರ ಬರೆದಿದ್ದೇನೆ. ಅಕ್ಕ ಅಂದರೆ ದೊಡ್ಡಪ್ಪನ ಮಗಳು, ತಮ್ಮ ಅಂದರೆ ಚಿಕ್ಕಪ್ಪನ ಮಗ.

ನಾನು: ಇವತ್ತು ಮಗಳಿಗೆ ಒಂದು ವರ್ಷ. ಹುಟ್ಟಿದಾಗ ಮೂರು ಕಿಲೋ ಇದ್ದಳು, ಈಗ ಒಂಬತ್ತು. ಆವತ್ತು ನನ್ನ ಒಂದೇ ಬೆರಳು ಅವಳ ಮುಷ್ಟಿ ತುಂಬಿತ್ತು. ಇವತ್ತು ಬೆಳಿಗ್ಗೆ ಅದೇ ಬೆರಳನ್ನು ತಳ್ಳಿ, ಕುರ್ಚಿಯನ್ನೂ ಬಿಟ್ಟು, ತಾನೇ ನಿಂತಳು. ನಿಂತು ನನ್ನ ಮುಖ ನೋಡಿದಳು. ಖುಷಿಯಾಯಿತು, ಯಾಕೋ ಗಂಟಲೂ ಕಟ್ಟಿತು. ಇನ್ನೂ ನಡೆಯುವುದಿಲ್ಲ. ನಿಧಾನಕ್ಕೆ ನಡೆಯಲಿ.

ಅತ್ತೆ: ಕಂದ ನೂರು ಕಾಲ ಚೆನ್ನಾಗಿರಲಿ.

ತಮ್ಮ: ಹ್ಯಾಪಿ ಬರ್ತ್‌ಡೇ ಪುಟಾಣಿ!!

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆದದ್ದು) ತಾಯಂದಿರೇ ಎಚ್ಚರ!! ಒಂದು ವರ್ಷ ತುಂಬಿದರೂ ನಡೆಯದ ಮಗುವಿನ ಮೆದುಳು ಹಿಂದೆ ಬೀಳುತ್ತದೆ. ವಿದೇಶಿ ವೈದ್ಯರ ಹೊಸ ಸಂಶೋಧನೆ. ಆರನೇ ತಿಂಗಳಿಂದಲೇ ಮಗುವನ್ನು ವಾಕರಿನಲ್ಲಿ ಕೂರಿಸಿ. ನಿಮ್ಮವರಿಗೆಲ್ಲ ತಪ್ಪದೇ ಕಳುಹಿಸಿ.

ಅಕ್ಕ: ಅಪ್ಪಾ, ಇದು ಎಲ್ಲಿಂದ ಬಂತು? ಯಾವ ವೈದ್ಯರು? ಯಾವ ವರ್ಷದ ಸಂಶೋಧನೆ?

ದೊಡ್ಡಪ್ಪ: ಬೆಳಗಿನ ವಾಕಿಂಗ್ ಗೆಳೆಯರ ಗುಂಪಿನಲ್ಲಿ ಬಂತು. ಎಲ್ಲರೂ ಓದಿದವರೇ.

ಅಕ್ಕ: ಓದಿದವರು ಕಳಿಸಿದ ಮಾತ್ರಕ್ಕೆ ನಿಜ ಆಗುತ್ತಾ? ನೀವು ಕೊನೆಯವರೆಗೂ ಓದಿದ್ದೀರಾ?

ದೊಡ್ಡಪ್ಪ: ಮೊದಲ ಎರಡು ಸಾಲು ಸಾಕಾಯಿತು. ಅವನು ನಿಧಾನಕ್ಕೆ ನಡೆಯಲಿ ಅಂದ, ನನಗೆ ಭಯವಾಯಿತು, ಕಳಿಸಿದೆ. ಮಕ್ಕಳ ವಿಷಯದಲ್ಲಿ ಅಸಡ್ಡೆ ಒಳ್ಳೆಯದಲ್ಲ. ಹಿಂದೆ ಹಿರಿಯರು ಒಂದು ಮಾತು ಹೇಳಿದರೆ ಕೇಳುತ್ತಿದ್ದರು.

ಅಕ್ಕ: ಸರಿ, ನಾನು ಗೊತ್ತಿರುವುದನ್ನು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ 816 ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಆಸರೆ ಇಲ್ಲದೆ ನಡೆಯಲು ಅದು ಕೊಟ್ಟ ಅವಧಿ 8.2 ತಿಂಗಳಿಂದ 17.6 ತಿಂಗಳು. ಅಂದರೆ ಹದಿನಾರು ತಿಂಗಳಿಗೆ ನಡೆದ ಮಗುವೂ ಸರಿಯಾಗಿಯೇ ಇದೆ. ಒಂದೂವರೆ ವರ್ಷವಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಬೇಕು. ಇನ್ನು ವಾಕರ್ ವಿಷಯ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಮಕ್ಕಳು ಅದರ ಸಮೇತ ಮೆಟ್ಟಿಲಿಂದ ಉರುಳುತ್ತಿದ್ದರು.

ಅತ್ತೆ: ಹಾಗಾದರೆ ನಾನು ತಂದುಕೊಟ್ಟ ವಾಕರ್ ಎಲ್ಲಿ?

ನಾನು: ಅಟ್ಟದ ಮೇಲಿದೆ ಅತ್ತೆ. ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು.

ಅತ್ತೆ: ಆರು ತಿಂಗಳಾಯಿತು. ಮಗು ಅದರಲ್ಲಿ ಓಡಾಡುತ್ತಿದೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ನಿಮ್ಮನ್ನೆಲ್ಲ ವಾಕರಿನಲ್ಲೇ ಬೆಳೆಸಿದ್ದು. ಯಾರ ಮೆದುಳಿಗೆ ಏನಾಗಿದೆ ಈಗ?

ದೊಡ್ಡಪ್ಪ: ಅದನ್ನೇ ನಾನೂ ಹೇಳಿದ್ದು.

ಅಕ್ಕ: ಇಲ್ಲ ಅಪ್ಪಾ, ನೀವು ಕಳಿಸಿದ್ದು ಬೇರೆ, ಅತ್ತೆ ಹೇಳುತ್ತಿರುವುದು ಬೇರೆ.

ತಮ್ಮ: ಅಯ್ಯೋ, ಆ ಹಳೇ ವಾಕರ್! ಒಂದು ಚಕ್ರ ಕಿರ್ ಕಿರ್ ಅನ್ನುತ್ತಿತ್ತು, ಅಲ್ವಾ? ಒಬ್ಬರಾದ ಮೇಲೆ ಒಬ್ಬರು ಅದರಲ್ಲಿ ಕೂತೆವು. ನಡುಮನೆ ಗೋಡೆ ನೆನಪಿದೆಯಾ? ಹುಟ್ಟುಹಬ್ಬ ಬಂತೆಂದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ದೊಡ್ಡಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ನಾನು ಹಿಮ್ಮಡಿ ಎತ್ತಿ ಸಿಕ್ಕಿಬಿದ್ದಿದ್ದೆ.

ಅಕ್ಕ: ಆ ಗೆರೆಗಳ ಮೇಲೆ ಬಣ್ಣ ಹೊಡೆಸಿದ್ದು ಯಾರು ಅಂತ ಕೇಳು. ಅಮ್ಮ ಎಳೆದ ಗೆರೆಗಳು. ಬೇಡ ಬೇಡ ಅಂದರೂ ಕೇಳಲಿಲ್ಲ.

ದೊಡ್ಡಪ್ಪ: ಹನ್ನೆರಡು ವರ್ಷದ ಹಿಂದಿನ ಮಾತು ಈಗ ಯಾಕೆ? ಗೋಡೆ ಕೊಳೆಯಾಗಿತ್ತು.

ಅಕ್ಕ: ನನಗೆ ಅದು ಕೊಳೆ ಆಗಿರಲಿಲ್ಲ ಅಪ್ಪಾ.

ಅತ್ತೆ: ಅತ್ತಿಗೆ ಇದ್ದಿದ್ದರೆ ಈ ಮಗುವಿಗೂ ಗೆರೆ ಎಳೆಯುತ್ತಿದ್ದರು. ಆದರೂ ಒಂದು ಮಾತು. ಹೋದ ತಿಂಗಳು ನೋಡಿದಾಗ ಮಗು ಇಳಿದ ಹಾಗೆ ಕಂಡಿತು. ಅದರ ತಾಯಿ ಸ್ವಲ್ಪ ಗಮನ ಕೊಡಬೇಕು.

ಇಷ್ಟು ಹೊತ್ತೂ ನನ್ನ ಹೆಂಡತಿ ಗುಂಪಿನಲ್ಲಿ ಏನೂ ಬರೆದಿರಲಿಲ್ಲ. ನನ್ನ ಪಕ್ಕದಲ್ಲೇ ಕೂತಿದ್ದಳು. ದೊಡ್ಡಪ್ಪನ ಫಾರ್ವರ್ಡನ್ನು ಅವಳು ಎರಡು ಸಲ ಓದಿದ್ದನ್ನು ನೋಡಿದೆ. ಅತ್ತೆಯ ಮಾತು ಬಂದಾಗ ಫೋನ್ ಬೋರಲು ಹಾಕಿ ಮಗುವಿನ ಹತ್ತಿರ ಹೋದಳು. ಆಗ ನನಗೆ ಸುಮ್ನೆ ಇರಲಾಗಲಿಲ್ಲ.

ನಾನು: ಅತ್ತೆ, ಮಗು ಇಳಿದಿಲ್ಲ. ಮೊದಲ ವರ್ಷದಲ್ಲಿ ಮಕ್ಕಳ ತೂಕ ಸುಮಾರು ಮೂರು ಪಟ್ಟಾಗುತ್ತದೆ, ಎತ್ತರ 25 ಸೆಂಟಿಮೀಟರಿನಷ್ಟು ಏರುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು ಎರಡೂವರೆ ಕಿಲೋ, ಹನ್ನೆರಡು ಸೆಂಟಿಮೀಟರು ಅಷ್ಟೇ. ವರ್ಷ ತುಂಬುವ ಹೊತ್ತಿಗೇ ಈ ಓಟ ನಿಧಾನವಾಗಿರುತ್ತದೆ, ಓಡಾಟ ಜಾಸ್ತಿ ಆಗಿರುತ್ತದೆ, ಅದಕ್ಕೇ ಸಪೂರ ಕಾಣುತ್ತಾರೆ. ಇದನ್ನು ನಮಗೆ ವೈದ್ಯರು ಹೇಳಿದ್ದಾರೆ. ಮಗುವನ್ನೂ ನೋಡಿ ಚೆನ್ನಾಗಿದ್ದಾಳೆ ಅಂದಿದ್ದಾರೆ.

ನಾನು: ಅವಳ ತಾಯಿಯೂ ಈ ಗುಂಪಿನಲ್ಲೇ ಇದ್ದಾಳೆ. ಒಂದು ವರ್ಷದಿಂದ ಅವಳು ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿಲ್ಲ. ಮಗು ಕೆಮ್ಮಿದರೆ ನನಗಿಂತ ಮೊದಲು ಎದ್ದಿರುತ್ತಾಳೆ. ಗಮನ ಕೊಡು ಅಂತ ಯಾರಿಗೆ ಹೇಳುತ್ತಿದ್ದೀರಿ ಒಮ್ಮೆ ಯೋಚಿಸಿ. ದೊಡ್ಡಪ್ಪ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನನಗೂ ಭಯವಿದೆ. ರಾತ್ರಿ ಬೆಳವಣಿಗೆಯ ಚಾರ್ಟ್ ತೆಗೆದು ನೋಡುತ್ತೇನೆ, ಚುಕ್ಕಿ ಗೆರೆಯಿಂದ ಎಷ್ಟು ಕೆಳಗಿದೆ ಅಂತ ಅಳೆಯುತ್ತೇನೆ. ಆದರೆ ಇವತ್ತು ಬರೆದದ್ದು ಅಳತೆಗಾಗಿ ಅಲ್ಲ. ಬೆಳಿಗ್ಗೆ ಒಂದು ಸಂಗತಿ ಆಯಿತು, ಅದನ್ನು ನನ್ನವರಿಗೆ ಹೇಳಬೇಕು ಅನ್ನಿಸಿತು.

ತುಂಬಾ ಹೊತ್ತು ಯಾರೂ ಬರೆಯಲಿಲ್ಲ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅಳಿಸಿದ್ದು ಆ ಫಾರ್ವರ್ಡ್. ಅಷ್ಟರಲ್ಲಿ ಅತ್ತೆ ಅದನ್ನು ಇನ್ನೊಂದು ಗುಂಪಿಗೆ ಕಳಿಸಿ ಆಗಿತ್ತಂತೆ.

ಅತ್ತೆ: ವಾಕರ್ ಬೇಡವಾದರೆ ನನಗೇ ವಾಪಸ್ ಕೊಡು. ಬೇರೆ ಯಾರಿಗೂ ಕೊಡಬೇಡ.

ಅಕ್ಕ: ವಾಪಸ್ ತಂದು ಏನು ಮಾಡುತ್ತೀರಿ ಅತ್ತೆ?

ಅತ್ತೆ: ಅದು ನನ್ನ ವಿಷಯ.

ಅಕ್ಕನ ಗಂಡ, ನಮ್ಮ ಭಾವ, ಗುಂಪಿನಲ್ಲಿ ಬರೆಯುವುದೇ ಅಪರೂಪ. ರಾತ್ರಿ ಹತ್ತಕ್ಕೆ ನನ್ನ ಮೊದಲ ಸಂದೇಶಕ್ಕೆ ಉತ್ತರ ಕೊಟ್ಟರು.

ಭಾವ: ಈಗ ಓದಿದೆ. ಬೆರಳು ತಳ್ಳಿ ನಿಂತಳು ಅಂತ ಬರೆದಿದ್ದೀಯ. ಎಷ್ಟು ಹೊತ್ತು ನಿಂತಳು?

ನಾನು: ಐದು ಎಣಿಸುವಷ್ಟು ಹೊತ್ತು ಭಾವ.

ಭಾವ: ಆಮೇಲೆ?

ನಾನು: ಕೂತುಬಿಟ್ಟಳು. ಸಂಜೆ ಮತ್ತೆ ನಿಂತಳು. ಆಗ ಎಂಟು.